ಸುಟ್ಟ ನೋಟ್‌ಬುಕ್ಕುಗಳು

"ಸುಟ್ಟೆ! ಒಂದೂ ಬಿಡದೆ ಸುಟ್ಟೆ! ಏನೀಗ?"

ಅತ್ತೆಯ ಮಾತು ಕೇಳಿ ಸೊಸೆ ಖಾಲಿ ಟ್ರಂಕಿನ ತಳವನ್ನು ಮತ್ತೆ ತಡಕಿದಳು. ಗಂಡ ಪರದೇಶದ ಜೈಲಿಗೆ ಬಿದ್ದು ಏಳು ತಿಂಗಳು. ಅವನು ಲಿಫ್ಟ್ ಮೆಕ್ಯಾನಿಕ್. ಯಾವ ಲಿಫ್ಟಿನ ಬೋರ್ಡು ಬಿಚ್ಚುವ ಮುಂಚೆಯೂ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ, ಮೆಟ್ಟಿಲು ಎಲ್ಲಿ, ಬಾಗಿಲು ಎಲ್ಲಿ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳದೆ ಸ್ಕ್ರೂಡ್ರೈವರ್ ಮುಟ್ಟಿದವನಲ್ಲ. ಅಲ್ಲಿಯ ಸರ್ಕಾರಿ ಕಟ್ಟಡವೊಂದರಲ್ಲೂ ಹಾಗೇ ಬರೆದುಕೊಂಡ. ಗೂಢಚಾರ ಎಂದು ಎಳೆದೊಯ್ದರು! ಇದು ಅವನ ಹಳೆಯ ರೂಢಿ ಎಂದು ತೋರಿಸಲು ಇಲ್ಲಿಯ ನೋಟ್‌ಬುಕ್ಕು ಕಳಿಸಿ, ಇಲ್ಲದಿದ್ದರೆ ಇಪ್ಪತ್ತು ವರ್ಷ ಖಂಡಿತ ಎಂದು ವಕೀಲರು ಬೆಳಿಗ್ಗೆಯಷ್ಟೇ ಫೋನಿನಲ್ಲಿ ಹೇಳಿದ್ದರು.

"ಯಾಕತ್ತೆ... ಯಾಕೆ ಸುಟ್ರಿ?"

"ಪೊಲೀಸರು ಮನೆ ಜಾಲಾಡೋಕೆ ಬರ್ತಾರೆ, ಚಿತ್ರಗಿತ್ರ ಸಿಕ್ರೆ ನಮ್ಮನ್ನೂ ಒಳಗೆ ಹಾಕ್ತಾರೆ ಅಂತ ದೊಡ್ಡೋನು ಹೇಳ್ದ. ಬಕೆಟ್ಟಿಗೆ ತುಂಬಿ ಸೀಮೆಎಣ್ಣೆ ಸುರಿದೆ. ಅವನ್ನ ಪರದೇಶಕ್ಕೆ ಅಟ್ಟಿದೋಳು ನೀನು. ಈಗ ನನ್ನ ಕೇಳ್ತೀಯಾ?"

ಮಗನನ್ನು ಉಳಿಸುವುದನ್ನೇ ಹುಡುಕಿ ಹುಡುಕಿ ಸುಟ್ಟಿದ್ದಳಲ್ಲ, ಇಂಥ ಬುದ್ಧಿವಂತಿಕೆಗೆ ಏನು ಹೇಳೋಣ!

ಸೊಸೆ ಮತ್ತೆ ವಕೀಲರಿಗೆ ಫೋನು ಮಾಡಿದಳು. ಸುಟ್ಟವರೇ ಪ್ರಮಾಣಪತ್ರ ಬರೆದುಕೊಡಲಿ ಎಂದರು ಅವರು. ನೋಟ್‌ಬುಕ್ಕುಗಳಲ್ಲಿ ಏನೇನಿತ್ತು, ಯಾವಾಗ ಸುಟ್ಟಿರಿ, ಯಾರು ಹೇಳಿದರು ಎಲ್ಲವೂ ಇರಬೇಕು. ಒಂದು ಮುಚ್ಚಿಟ್ಟರೂ ಉಳಿದದ್ದನ್ನು ಕೋರ್ಟು ನಂಬುವುದಿಲ್ಲ.

ಬಾಗಿಲ ಬಳಿ ಶೂ ಹಾಕುತ್ತಾ ಎಲ್ಲ ಕೇಳುತ್ತಿದ್ದ ಭಾವ, ಅತ್ತೆಯ ದೊಡ್ಡ ಮಗ, ಎದ್ದು ನಿಂತ. ಅವನು ಪೊಲೀಸ್ ಕಚೇರಿಯ ಗುಮಾಸ್ತ. ಮನೆ ಜಾಲಾಡುವ ಸುದ್ದಿ ಅವನ ಮೇಜಿನ ಕಾಗದದಿಂದಲೇ ಬಂದದ್ದು.

"ನನ್ನ ಹೆಸರು ಬರೆದ್ರೆ ಕೆಲಸ ಹೋಗುತ್ತೆ. ಕೇಸೂ ಬೀಳುತ್ತೆ. ತಿಳೀತಾ?"

"ನಿಮ್ಮ ತಮ್ಮ ಅಲ್ಲೇ ಕೊಳೀಲಿ ಅಂತೀರಾ ಭಾವ?"

"ಅವನ ಕೈ ಸುಮ್ನಿರಲ್ಲ, ಅದಕ್ಕೆ ನಾನೇನು ಮಾಡ್ಲಿ? ನೀನು ಬಾಯಿ ಮುಚ್ಚು!"

"ಮುಚ್ಚಲ್ಲ! ಏಳು ತಿಂಗಳು ಮುಚ್ಚಿದ್ದು ಸಾಕು!"

ಇಬ್ಬರೂ ಅತ್ತೆಯ ಕಡೆ ತಿರುಗಿದರು. ಆಕೆ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೇ ಕೂತಳು.

"ಬರಿಯೇ," ಎಂದಳು ಸೊಸೆಗೆ. "ಮೂವತ್ತೊಂದು ಪುಸ್ತಕ. ಆಸ್ಪತ್ರೆ ಲಿಫ್ಟು, ಬ್ಯಾಂಕ್ ಲಿಫ್ಟು, ಹೋಟೆಲಿಂದು ಎರಡು... ನಂಗೆ ಓದೋಕೆ ಬರಲ್ಲ ಅಂತ ಪಕ್ಕ ಕೂತು ಒಂದೊಂದು ಗೆರೆನೂ ತೋರಿಸ್ತಿದ್ದ. ಅಷ್ಟು ತಿಳಿದೂ ಕಡ್ಡಿ ಗೀರಿದೆ... ಸುಡು ಅಂದಿದ್ದು ದೊಡ್ಡ ಮಗ. ಅದನ್ನೂ ಬರಿ."

"ಅಮ್ಮಾ! ನಾನೂ ನಿನ್ ಮಗನೇ ಅಲ್ವಾ?"

"ಹೌದಪ್ಪಾ... ನಿನ್ನ ಕೆಲಸ ಹೋಗುತ್ತೆ. ಅವನ ಜೀವ ಹೋಗುತ್ತೆ!"

ಭಾವ ಬಾಗಿಲನ್ನು ಗೋಡೆ ಅದುರುವಂತೆ ಬಡಿದು ಹೊರಟುಹೋದ. ಅತ್ತೆ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿದಳು. ಸೊಸೆ ಅಳುತ್ತಾ ಹತ್ತಿರ ಬಂದಾಗ ಕೈ ಕೊಡವಿದಳು.

"ನಿಂಗೋಸ್ಕರ ಅಲ್ಲ, ಮುಟ್ಟಬೇಡ! ಅವನು ಬಂದ್ಮೇಲೆ ನೀವಿಬ್ರೂ ಬೇರೆ ಮನೆ ನೋಡ್ಕೊಳ್ಳಿ. ಒಬ್ಬನ್ನ ಮುಳುಗಿಸಿ ಇನ್ನೊಬ್ಬನ ಮುಖ ದಿನಾ ನೋಡ್ತಾ ಇರೋಕೆ ನನ್ ಕೈಲಾಗಲ್ಲ... ಹೋಗು, ಮೊದ್ಲು ಇದನ್ನ ಕಳಿಸು!"