ತೊಳೆದು ನಿಲ್ಲಿಸಿದ ಜೀಪು

ಸೋಮವಾರ ಬೆಳಿಗ್ಗೆ ಗಣೇಶಗುಡಿಯ ಸುನಂದಾ ಠಾಣೆಗೆ ಬಂದು ಗಂಡ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಹೋಂಸ್ಟೇ ನಡೆಸುವ ವೀರೇಶ ಹಿಂದಿನ ದಿನ ಕಾಡುದಾರಿ ನೋಡಿ ಬರುತ್ತೇನೆಂದು ಜೀಪು ತೆಗೆದುಕೊಂಡು ಹೋಗಿದ್ದ. ಬೆಳಗಾದಾಗ ಜೀಪು ಅಂಗಳದಲ್ಲಿತ್ತು, ಅವನಿರಲಿಲ್ಲ.

“ತೊಳದು ನಿಲ್ಲಿಸ್ಯಾರ್ರೀ. ಕಾಡಿಂದ ಬಂದ್ಕೂಡ್ಲೆ ಗಾಡಿ ತೊಳೀದ ಅವ್ರಿಗೆ ಊಟ ಸೇರೂದಿಲ್ಲ. ಇಲ್ಲೇ ಎಲ್ಲೋ ಅದಾರ, ಹುಡುಕಿ ಕೊಡ್ರಿ.”

ಅವಳ ದನಿಯಲ್ಲಿ ಅಳುವಿಗಿಂತ ಆಸೆಯೇ ಹೆಚ್ಚಿತ್ತು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ರುದ್ರೇಶ, ಕಾನ್‌ಸ್ಟೆಬಲ್ ಹಬೀಬಾ ಅವಳ ಜೊತೆ ಹೊರಟರು.

ಜೀಪು ಮದುಮಗನಂತೆ ಮಿಂದು ನಿಂತಿತ್ತು. ಚಾಲಕನ ಸೀಟು ಇನ್ನೂ ಹಸಿ. ಪೆಡಲುಗಳ ಬಳಿ ವೀರೇಶನ ಚಪ್ಪಲಿ. ಅದನ್ನೂ ತೊಳೆದು ಜೋಡಿಸಿಟ್ಟಿದ್ದರು. ಯಾರೋ ಒಳಗೆ ಕೂತೇ ಇದ್ದಾರೆನಿಸಿ ಹಬೀಬಾ ಎರಡು ಸಲ ಇಣುಕಿದಳು. 

ಪಂಚರ ಮುಂದೆ ಪಂಚನಾಮೆ ಶುರುವಾಯಿತು. ರುದ್ರೇಶ ಅಂಗಿಯ ಆಸೆ ಬಿಟ್ಟು ಗಾಡಿಯಡಿ ನುಸುಳಿದ. ಜಾಯಿಂಟುಗಳಿಗೆ ಹೊಸ ಗ್ರೀಸು, ಆಕ್ಸಲಿಗೆ ಹೊಸ ಆಯಿಲು. ಚಕ್ರಗಳ ನಟ್ಟುಗಳ ಮೇಲೆ, ಅವನ್ನು ಬಿಚ್ಚುವ ಪಾನಾ ತಿರುಗಿದ ಹಸಿ ಗೀರು.

“ನೀರಿಗಿಳಿದ ಗಾಡೀಗೆ ಹಿಂಗ ಮಾಡ್ತಾರ. ಅಕ್ಕಾರ, ಇದನ್ನೆಲ್ಲ ನಿಮ್ಮ ಯಜಮಾನ್ರು ತಾವ ಮಾಡ್ತಾರೇನು?” ಎಂದು ರುದ್ರೇಶ ಕೇಳಿದ.

“ಇಲ್ರಿ. ಅವ್ರು ಮ್ಯಾಲಷ್ಟ ತೊಳೀತಾರ. ಒಳಗಿನ ಕೆಲಸ ಅಂಬೇವಾಡಿ ಅತೀಕಂದು...”

 ಜೀಪು ತಂದವನು ಗಂಡನಲ್ಲವೆಂದು ಅವಳಿಗೆ ತಿಳಿದುಹೋಯಿತು. 

ಪೊಲೀಸರನ್ನು ಕಂಡರೂ ಮೆಕ್ಯಾನಿಕ್ ಅತೀಕ ಗ್ಯಾರೇಜು ಬಿಟ್ಟು ಓಡಲಿಲ್ಲ. ಮೂಲೆಯ ಡಬ್ಬಿಯಲ್ಲಿ ಬಸಿದ ಆಯಿಲು, ನೀರು ಬೆರೆತು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು.

“ಯಾರ ಗಾಡೀದು?”

“ವೀರೇಶಂದು.”

“ಅಂವ ಎಲ್ಲಿ?”

“ಹಳ್ಳದಾಗ್ರಿ. ಕಲ್ಲಿನ ಕೆಳಗ.”

ತೋರಿಸಿದಲ್ಲೇ ಶವ ಸಿಕ್ಕಿತು. ಕಾಲು ಬರಿದಾಗಿತ್ತು. ಸಂಜೆ ಅತೀಕನನ್ನು ಬಂಧಿಸಿದರು.

ಹೋದ ವರ್ಷ ಅತೀಕನ ತಮ್ಮ ಆಸಿಮ ಇದೇ ಜೀಪು ಓಡಿಸುವಾಗ ಇಳಿಜಾರಿನಲ್ಲಿ ಮರಕ್ಕೆ ಬಡಿದು ಸತ್ತಿದ್ದ. ಅವನು ಕುಡಿದಿದ್ದನೆಂದು ವೀರೇಶ ಊರೆಲ್ಲ ಹೇಳಿದ. ರಿಪೇರಿಗೆ ಬಂದ ಜೀಪಿನ ಬ್ರೇಕ್ ಡ್ರಮ್ಮನ್ನು ಅತೀಕ ಬಿಚ್ಚಿದಾಗ ಒಳಗಿದ್ದದ್ದು ಹಳ್ಳದ ಕೆಸರು; ಬ್ರೇಕ್ ಹಿಡಿಯದಿದ್ದುದು ಅದಕ್ಕೇ. ಈ ಭಾನುವಾರ, ಗಾಡಿ ಏನೋ ಸದ್ದು ಮಾಡುತ್ತಿದೆ, ಕೇಳಿ ನೋಡು ಎಂದು ವೀರೇಶ ದಾರಿಯಲ್ಲಿ ಅತೀಕನನ್ನು ಹತ್ತಿಸಿಕೊಂಡಿದ್ದ. ಹಳ್ಳ ದಾಟಿದ ಮೇಲೆ, ಈ ಸಲವಾದರೂ ಡ್ರಮ್ಮು ಬಿಚ್ಚಿ ತೊಳೆಯೋಣ ಎಂದು ಅತೀಕ ಹೇಳಿದ್ದಕ್ಕೆ ವೀರೇಶ ನಕ್ಕನಂತೆ. ಅತೀಕನ ಕೈಯಲ್ಲಿ ಪಾನಾ ಇತ್ತು.

“ಗಾಡಿ ಅಲ್ಲೇ ಬಿಟ್ಟು ಬಂದಿದ್ರ ನಿನ್ನ ಮ್ಯಾಲೆ ಸಂಶಯನ ಬರತಿದ್ದಿಲ್ಲ. ಯಾಕ ರಿಪೇರಿ ಮಾಡಿ ತಂದಿಟ್ಟಿ?” ಎಂದು ರುದ್ರೇಶ ಕೇಳಿದ.



“ಇನ್ನ ಆ ಗಾಡೀನ ಸುನಂದಕ್ಕ ಹೊಡೀಬೇಕಲ್ರೀ ಸಾಹೇಬ್ರ. ಇಳಿಜಾರಿನ್ಯಾಗ ಬ್ರೇಕ್ ಹಿಡೀಬೇಕು.”