ಆಯಿಯ ಎದೆಯ ಮೇಲಿದ್ದ ಕೈಗಳು

"ಮುಟ್ಟಬ್ಯಾಡ್ರಿ ಆಕಿನ್ನ! ನಿಮ್ಮ ಕಾಲಿಗೆ ಬೀಳ್ತೀನಿ, ಬಿಡ್ರಿ!"

ತೃಪ್ತಿ ಕೂಗಿದ್ದು ಕನ್ನಡದಲ್ಲಿ. ಭಯಕ್ಕೆ ಅವಳಿಗೆ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷೂ ಮರೆತುಹೋಗಿತ್ತು. ಪರದೇಶದ ರೆಕ್ಸ್‌ಡೇಲಿನ ಆ ಬೇಸ್‌ಮೆಂಟಿಗೆ ಇಳಿದು ಬಂದಿದ್ದ ಇಬ್ಬರು ಆಂಬುಲೆನ್ಸಿನವರಲ್ಲಿ, ಅಜ್ಜಿಯ ಪಕ್ಕ ಮಂಡಿಯೂರಿದ್ದ ಯುವಕ ಸರಕ್ಕನೆ ತಲೆಯೆತ್ತಿದ.

"ಕಾಗದ ಐತೇನ್ರಿ? ಡಾಕ್ಟರ್ ಸಹಿ ಮಾಡಿದ್ದು?"

ಧಾರವಾಡದ ಮಾತು! ಈ ಯೂನಿಫಾರ್ಮಿನೊಳಗಿಂದ! ಎದೆಯ ಪಟ್ಟಿಯ ಮೇಲೆ 'ನಿಜಗುಣ' ಎಂದಿತ್ತು.

"ಐತ್ರಿ! ಫ್ರಿಜ್ ಮ್ಯಾಲೆ..."

ಫ್ರಿಜ್ಜಿನ ಬಾಗಿಲು ಖಾಲಿಯಿತ್ತು.

ಅಜ್ಜಿ ದ್ಯಾಮವ್ವನನ್ನು ತೃಪ್ತಿ ಕರೆಯುತ್ತಿದ್ದದ್ದು ಆಯಿ ಎಂದು. ಹೃದಯ ಸೋತಿದ್ದ ಆಯಿ ಹೋದ ತಿಂಗಳು ಡಾಕ್ಟರಿಗೆ ತಾನೇ ಹೇಳಿದ್ದಳು: "ಉಸಿರು ನಿಂತ್ರ ನಿಲ್ಲಲಿ. ಎದಿ ಗುದ್ದಿ ಎಬ್ಬಸಬ್ಯಾಡ್ರಿ." ಡಾಕ್ಟರು ಅದಕ್ಕೊಂದು ಫಾರ್ಮ್ ತುಂಬಿಕೊಟ್ಟು, ಆಂಬುಲೆನ್ಸಿನವರಿಗೆ ಕಾಣುವ ಹಾಗೆ ಅಂಟಿಸಿ ಎಂದಿದ್ದರು.

ಆದರೆ ಇಂದು ಶುಕ್ರವಾರ. ಫ್ರಿಜ್ಜಿನ ಪಕ್ಕದಲ್ಲೇ ಎಲ್ಲಮ್ಮನ ಫೋಟೋ. ದೀಪ ಹಚ್ಚುವಾಗ ಸಾವಿನ ಕಾಗದ ಎದುರಿಗೆ ಬೇಡವೆಂದು ಬೆಳಿಗ್ಗೆ ತೃಪ್ತಿಯೇ ಅದನ್ನು ಕಿತ್ತಿದ್ದಳು. ಮಧ್ಯಾಹ್ನ, ಅವ್ವ ಕೆಲಸಕ್ಕೆ ಹೋಗಿದ್ದಾಗ, ಆಯಿಗೆ ಏದುಸಿರು ಶುರುವಾಯಿತು. ಗಾಬರಿಯಲ್ಲಿ ಆಂಬುಲೆನ್ಸಿಗೆ ಫೋನು ಮಾಡಿದಳು. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಉಸಿರೇ ನಿಂತಿತ್ತು.

ಎಲ್ಲಿಟ್ಟೆ? ದೇವರೇ, ಎಲ್ಲಿಟ್ಟೆ?

"ಸುಳ್ಳು ಹೇಳಾಕತ್ತಿಲ್ರಿ! ನಮ್ಮ ಕಡೆಯವರು ನೀವು, ನನ್ನ ಮಾತು ನಂಬಂಗಿಲ್ಲೇನು?"

ಅವನ ಕಣ್ಣಲ್ಲಿ ಏನೋ ಅಲುಗಿತು. ಆದರೂ ಅಂಗೈ ಮೇಲೆ ಅಂಗೈಯಿಟ್ಟು ಆಯಿಯ ಎದೆ ಒತ್ತತೊಡಗಿದ.

"ಹುಡುಕ್ರಿ! ಲಗೂನ ಹುಡುಕ್ರಿ!"

'ಕಟುಕ!' ಎಂದು ಮನಸ್ಸಿನಲ್ಲೇ ಶಪಿಸುತ್ತ ಅವಳು ಡ್ರಾಯರು, ಹಿಟ್ಟಿನ ಡಬ್ಬಿ, ಹಾಸಿಗೆಯ ಅಡಿ ಎಲ್ಲ ತಡಕಿದಳು. ಕೊನೆಗೆ ಸಿಕ್ಕಿದ್ದು ಆಯಿಯ ಸೂಟ್‌ಕೇಸಿನಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿ.

ನಿಜಗುಣನ ಜೊತೆಗಾತಿ ಹಾಳೆ ಇಸಿದುಕೊಂಡು ಹೆಸರು, ನಂಬರು, ಸಹಿ ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ತಲೆಯಾಡಿಸಿದಳು.

ಅದೇ ಕ್ಷಣ ಅವನ ಕೈಗಳು ಮೇಲೆದ್ದವು.

ತೃಪ್ತಿ ಬೆರಗಾಗಿ ನೋಡಿದಳು. ಎಂಥ ಬಲ ಅದು! ಬೆವರು ಸುರಿಸಿ ಸಾವನ್ನು ಹಿಂದಕ್ಕೆ ತಳ್ಳುತ್ತಿದ್ದ ಬಲ... ಮುದುಕಿಯೊಬ್ಬಳ ಮಾತಿಗೆ ಹೇಗೆ ತಲೆಬಾಗಿ ನಿಂತುಬಿಟ್ಟಿತು! ಜೊತೆಗಾತಿ ಎದೆಬಡಿತ ನೋಡುವ ಯಂತ್ರವನ್ನೂ ಆರಿಸಿದಳು. ಅವನು ಆಯಿಯ ಸೆರಗು ಸರಿಮಾಡಿ, ಹಣೆಯ ಮೇಲಿನ ಬಿಳಿಗೂದಲು ಹಿಂದಕ್ಕೆ ಸರಿಸಿದ.

"ತಪ್ಪಾತು, ಯವ್ವಾ," ಎಂದು ಪಿಸುಗುಟ್ಟಿದ.



"ಎಲ್ಲಾ ತಿಳೀತಿತ್ತು ನಿಮಗ. ಆದ್ರೂ ಗುದ್ದಿದ್ರಿ..." ಎಂದಳು ತೃಪ್ತಿ. ಅವನು ಯಂತ್ರದ ತಂತಿಗಳನ್ನು ಸುತ್ತತೊಡಗಿದ.

ಆಯಿಯ ದಿನಕರ್ಮಕ್ಕೂ ಅವನು ಬರಲಿಲ್ಲ. 'ಕಲ್ಲು ಮನುಷ್ಯ!' ಎಂದುಕೊಂಡಳು. ಆದರೆ ಒಳಗೊಳಗೇ ಅವಳಿಗೆ ಗೊತ್ತಿತ್ತು, ತಪ್ಪು ಯಾರದೆಂದು. ಎರಡು ತಿಂಗಳು ಅದನ್ನು ನುಂಗಿಕೊಂಡಳು. ಒಂದು ಶನಿವಾರ, ವಿಚಾರಿಸಿ ತಿಳಿದುಕೊಂಡು, ಎರಡು ಬಸ್ಸು ಬದಲಿಸಿ ಅವನ ಆಂಬುಲೆನ್ಸ್ ಸ್ಟೇಷನ್ನಿನ ಮುಂದೆ ನಿಂತಳು.

ನಿಜಗುಣ ಹೊರಗೆ ಬಂದವನೇ ನಿಂತುಬಿಟ್ಟ.

"ನನ್ನ ಗುರುತು ಐತೇನ್ರಿ?"

"ದ್ಯಾಮವ್ವ ಆಯಿ ಮೊಮ್ಮಗಳು."

ಹೆಸರೂ ನೆನಪಿದೆ!

"ಆ ಕಾಗದ ತಗದಿಟ್ಟಾಕಿ ನಾನ," ಎಂದಳು ನೆಲ ನೋಡುತ್ತ. "ಅವ್ವಗೂ ಹೇಳಿಲ್ಲ. ತಪ್ಪು ನಂದು, ಬೈದದ್ದು ನಿಮಗ."

"ನಾ ನಿಮ್ಮನ್ನ ನಂಬಿದ್ದೆ."

ಅವಳು ತಟ್ಟನೆ ತಲೆಯೆತ್ತಿದಳು.

"ನೀವು ಐತಿ ಅಂದ ಕೂಡಲೇ ನಂಬಿದ್ದೆ. ಆದ್ರ ಕಾಗದ ಕಣ್ಣಿಗೆ ಬೀಳೂತನ ಕೈ ನಿಲ್ಲಸಾಕ ಬರಂಗಿಲ್ರಿ, ಅದು ರೂಲು. ಆಯಿಗೆ ಬ್ಯಾಡಾಗಿತ್ತು ಅಂತ ಗೊತ್ತಿದ್ದೂ ಒತ್ತಿದೆ..." ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

ತೃಪ್ತಿ ಆ ಕೈಗಳನ್ನೇ ನೋಡಿದಳು. ಇಷ್ಟು ಭಾರ ಹೊತ್ತೂ ಮರುದಿನ ಇನ್ಯಾರದೋ ಮನೆಗೆ ಓಡುವ ಕೈಗಳು! ನಾನು ಕಟುಕ ಎಂದದ್ದು ಇವನನ್ನೇ?

"ಮತ್ತ ಆಯಿ ದಿನಕ್ಕ ಯಾಕ ಬರ್ಲಿಲ್ಲ? ಊರ ಮಂದಿ ಎಲ್ಲಾ ಬಂದು ಹೋಳಿಗಿ ತಿಂದು ಹೋದ್ರು!"

ಅವನು ಮೊದಲ ಬಾರಿ ನಕ್ಕ. "ಡ್ಯೂಟಿದಾಗ ಸಿಕ್ಕ ಅಡ್ರೆಸ್ ಹಿಡಕೊಂಡು ಯಾರ ಮನಿಗೂ ಹೋಗಂಗಿಲ್ರಿ. ನೌಕರಿ ಹೋಗ್ತೈತಿ. ಗಾಡಿ ನಿಮ್ಮ ಓಣಿ ದಾಟಿದಾಗೊಮ್ಮೆ ಮನಸ್ಸು ಅಲ್ಲೇ ಇಳೀತಿತ್ತು..."

ತೃಪ್ತಿಯ ಕೆನ್ನೆ ಬಿಸಿಯಾಯಿತು.

"ಹಂಗಾದ್ರ ನಾನ ಹೇಳ್ತೀನಿ. ಅಡ್ರೆಸ್ ಬರಕೋರಿ."

"ನಂಗ ಬಾಯಿಪಾಠ ಐತ್ರಿ."

"ಅದು ಡ್ಯೂಟಿದು. ಇದು ನಾ ಕೊಡೂದು."

ಅವನು ಪೆನ್ನು ತೆಗೆದ. ಅವಳು ಹೇಳಿದಳು, ಅವನು ಮನೆ ನಂಬರಿನಿಂದ ಹಿಡಿದು ಪೂರ್ತಿ ಬರೆದುಕೊಂಡ.

"ನಾಳೆ ಬರ್ರಿ. ಅವ್ವಗ ಎಲ್ಲಾ ಹೇಳ್ಬೇಕು ನಾನು. ಬಾಜೂಕ ನೀವು ಇರ್ತೀರೇನು?"

"ಇರ್ತೀನಿ."

"ಎಷ್ಟೊತ್ತು?"

"ನೀವು ಹೋಗು ಅನ್ನೂತನ."

ತೃಪ್ತಿ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು, "ಅನ್ನಂಗಿಲ್ಲ."