ಅಜ್ಜಿ ತಂದ ಹನ್ನೆರಡು ಹಿಟ್ ಹಾಡು

"ಇದು ಅವನ ದನಿ ಅಲ್ಲ ಕಣೇ," ಎಂದಳು ಮ್ಯಾಂಡಿ.

ಲೊರೇನಳ ಹತ್ತನೆಯ ಹುಟ್ಟುಹಬ್ಬಕ್ಕೆ ಬಂದಿದ್ದ ಹುಡುಗಿಯರೆಲ್ಲ ಕುಣಿಯುವುದನ್ನು ನಿಲ್ಲಿಸಿದರು. ರೆಕಾರ್ಡ್ ಮಾತ್ರ ತಿರುಗುತ್ತಲೇ ಇತ್ತು. ಹಾಡು ಎಲ್ಲರಿಗೂ ಬಾಯಿಪಾಠವಾಗಿದ್ದ ಹಾಡೇ. ಡ್ರಮ್ಮು ಅದೇ, ಗಿಟಾರು ಹೆಚ್ಚುಕಡಿಮೆ ಅದೇ. ಹಾಡುತ್ತಿದ್ದವನು ಮಾತ್ರ ರೇಡಿಯೋದಲ್ಲಿ ಹಾಡುವ ಆ ದೊಡ್ಡ ಸ್ಟಾರ್ ಅಲ್ಲ, ಬೇರೆ ಯಾರೋ.

ಮ್ಯಾಂಡಿ ಕವರ್ ತಿರುಗಿಸಿ ನೋಡಿದಳು. ಹನ್ನೆರಡು ಹಿಟ್ ಹಾಡುಗಳ ಹೆಸರಿತ್ತು, ಹಾಡಿದವರ ಹೆಸರು ಒಂದೂ ಇರಲಿಲ್ಲ. "ಡೂಪ್ಲಿಕೇಟ್," ಎಂದಳು. ಎಲ್ಲರೂ ಕಿಸಕ್ಕನೆ ನಕ್ಕರು.

ಅಷ್ಟರಲ್ಲಿ ಅಜ್ಜಿ ಜೆಲ್ಲಿ ತಟ್ಟೆ ಹಿಡಿದು ಬಂದಳು. ಯಾಕೆ ಕುಣಿಯುತ್ತಿಲ್ಲ ಎಂದು ಕೇಳಿದಳು. ಕಾಲು ನೋಯುತ್ತಿದೆ ಎಂದಳು ಲೊರೇನ್.

ಅಜ್ಜಿ ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನ ಕಾರ್ಖಾನೆಯಲ್ಲಿ ಮೀನು ಪ್ಯಾಕ್ ಮಾಡುತ್ತಿದ್ದಳು. ಎಲ್ಲರೂ ಎರಡು ಹಾಡಿನ ಪುಟ್ಟ ರೆಕಾರ್ಡ್ ಕೊಳ್ಳುತ್ತಾರೆ, ನಾನು ಮೊಮ್ಮಗಳಿಗೆ ಹನ್ನೆರಡು ಹಾಡಿನ ದೊಡ್ಡದನ್ನೇ ತಂದೆ ಎಂದು ವಾರದಿಂದ ಅವಳಿಗೆ ಹಿಗ್ಗೋ ಹಿಗ್ಗು.

ಮರುದಿನ ಶನಿವಾರ. ಲೊರೇನ್ ರೆಕಾರ್ಡನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು, ವಾಪಸ್ ಕೊಡಲೆಂದು ಅಜ್ಜಿ ಅದನ್ನು ಕೊಂಡಿದ್ದ ಅಂಗಡಿಗೆ ಓಡಿದಳು. ಅಂಗಡಿಯ ಆಲರ್ಟನ್ ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು. ಒಮ್ಮೆ ಹಾಕಿ ಕೇಳಿದ್ದನ್ನು ವಾಪಸ್ ತೆಗೆದುಕೊಳ್ಳುವ ಹಾಗಿರಲಿಲ್ಲ.

"ಮತ್ತೆ ಇದರಲ್ಲಿ ಮೋಸ ಯಾಕೆ ಮಾಡಿದ್ದಾರೆ?"

ಮೋಸವಲ್ಲ ಎಂದರು ಆಲರ್ಟನ್. ಒಂದು ರೆಕಾರ್ಡ್ ಕಂಪನಿಯವರು ತಮ್ಮ ಸ್ಟಾರ್ ಹಾಡಿದ್ದನ್ನು ಇನ್ನೊಂದು ಕಂಪನಿಗೆ ಸುಲಭವಾಗಿ ಕೊಡುವುದಿಲ್ಲ. ಆದರೆ ಅದೇ ಹಾಡನ್ನು ಬೇರೆಯವರು ತಾವಾಗಿ ಹಾಡಬಹುದು. ಹಾಗಾಗಿ ಹಿಟ್ ಹಾಡುಗಳ ಪಟ್ಟಿ ಬಂದೊಡನೆ ನಾಲ್ಕಾರು ಜನ ಲಂಡನ್ನಿನಲ್ಲಿ ಸೇರಿ, ಒಂದೆರಡು ದಿನದಲ್ಲೇ ಎಲ್ಲವನ್ನೂ ಹಾಡಿ ಮುಗಿಸುತ್ತಾರೆ.

"ಬೆಳಿಗ್ಗೆ ಗೊಗ್ಗರು ದನಿ, ಮಧ್ಯಾಹ್ನ ಜೇನಿನಂಥ ದನಿ. ಇನ್ನೊಬ್ಬರ ಥರ ಹಾಡೋದು ಹುಡುಗಾಟ ಅಲ್ಲ ಮರಿ. ಕೂತ್ಕೊಂಡು ಕೇಳು," ಎಂದು ಅವರು ರೆಕಾರ್ಡಿನ ಇನ್ನೊಂದು ಬದಿ ಹಾಕಿದರು.

ಮೂರನೆಯ ಹಾಡು ಒಬ್ಬ ಹೆಂಗಸಿನದು. ದನಿ ಮೇಲೆ ಮೇಲೆ ಏರಿತು, ತುದಿಯಲ್ಲಿ ಒಂದಿಷ್ಟು ನಡುಗಿತು, ಬೀಳದೆ ನಿಂತಿತು. ಲೊರೇನ್ ಉಸಿರು ಬಿಗಿಹಿಡಿದು ಕೇಳಿದಳು. ಐದನೆಯ ಹಾಡಿನಲ್ಲಿ ಒಬ್ಬ ಗಂಡಸಿನ ಹಿಂದೆ ಅದೇ ದನಿ "ಊ ಊ" ಎನ್ನುತ್ತಿತ್ತು. ಕೊನೆಯ ಹಾಡಿನಲ್ಲಿ ಅವಳೇ ಅಮೆರಿಕದವಳ ಉಚ್ಚಾರ ಮಾಡಿ ಹಾಡುತ್ತಿದ್ದಳು. ಲೊರೇನ್‌ಗೆ ನಗು ತಡೆಯಲಾಗಲಿಲ್ಲ.

ಮನೆಗೆ ಬಂದರೆ ಅಜ್ಜಿ ರೆಕಾರ್ಡಿಗಾಗಿ ಹುಡುಕುತ್ತಿದ್ದಳು. ಲೊರೇನ್ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಅಜ್ಜಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಲೇ ನಿಂತಳು. ಕೈ ಒಣಗಿದ ಮೇಲೂ ಒರೆಸುತ್ತಿದ್ದಳು.

"ಗೆಳತಿಯರ ಎದುರು ನಿನಗೆ ಅವಮಾನ ಆಯ್ತಾ?"

"ಸ್ವಲ್ಪ ಆಯ್ತು. ಆದ್ರೆ ಅಜ್ಜಿ, ಈಗ ಇದನ್ನ ಕೇಳು."

ಅಜ್ಜಿ ಕಣ್ಣು ಮುಚ್ಚಿ ಮೂರನೆಯ ಹಾಡು ಪೂರ್ತಿ ಕೇಳಿದಳು. "ಪಾಪ, ಆ ಹುಡುಗಿಗೆ ಮಧ್ಯದಲ್ಲಿ ಒಂದು ಕಪ್ ಟೀ ಆದ್ರೂ ಕೊಟ್ರೋ ಇಲ್ವೋ," ಎಂದಳು.

ಸಂಜೆ ಮ್ಯಾಂಡಿ ಬಂದಳು. ಮೂರನೆಯ ಹಾಡಿನ ಹೆಂಗಸು ಒಟ್ಟು ಎಷ್ಟು ಹಾಡಿನಲ್ಲಿದ್ದಾಳೆ ಹೇಳು ನೋಡೋಣ ಎಂದು ಲೊರೇನ್ ಪಂಥ ಹಾಕಿದಳು. ಮ್ಯಾಂಡಿ ಮೂರು ಎಂದಳು, ಅಜ್ಜಿ ನಾಲ್ಕು ಎಂದಳು. ಇಬ್ಬರೂ ಸೋಲೊಪ್ಪಲಿಲ್ಲ. ರೆಕಾರ್ಡು ನಾಲ್ಕು ಸಲ ತಿರುಗಿತು.

ಆಮೇಲೆ ಅಜ್ಜಿ ರೇಡಿಯೋ ಹಾಕಿದಳು. ನಿನ್ನೆ ಎಲ್ಲರೂ ನಕ್ಕಿದ್ದರಲ್ಲ, ಅದೇ ಹಾಡು ಬಂತು, ಆ ದೊಡ್ಡ ಸ್ಟಾರ್‌ನ ದನಿಯಲ್ಲೇ.

"ನೋಡು, ಇದು ಅಸಲಿ," ಎಂದಳು ಮ್ಯಾಂಡಿ.

ಲೊರೇನ್ ಸ್ಟಾರ್‌ನ ದನಿ ಕೇಳುತ್ತಿರಲಿಲ್ಲ. ಅವನ ಹಿಂದೆ ಇಬ್ಬರು ಹೆಂಗಸರು ಮೆಲ್ಲಗೆ ಹಾಡುತ್ತಿದ್ದರು. ಈ ಹಾಡನ್ನು ನೂರು ಸಲ ಕೇಳಿದ್ದಳು, ಅವರು ಇರುವುದೇ ತಿಳಿದಿರಲಿಲ್ಲ.

"ಮ್ಯಾಂಡಿ, ಹಿಂದೆ ಹಾಡ್ತಿರೋರು ಯಾರೇ?"

ಮ್ಯಾಂಡಿಗೂ ಗೊತ್ತಿರಲಿಲ್ಲ. ಲೊರೇನ್ ಕುರ್ಚಿ ಎಳೆದುಕೊಂಡು, ರೇಡಿಯೋಗೆ ಕಿವಿ ಹಚ್ಚಿ ಕುಳಿತಳು.